ನಡೆವವರನ್ನು ನಿಲ್ಲಿಸಿ, ನಿಂತವರನ್ನು ಓಡಿಸಿ

ಮೇಲ್ಸೇತುವೆಯ ಕೆಳಗೆ, ಬಸ್ ನಿಲ್ದಾಣದ ಮೂಲೆಯಲ್ಲಿ, ಬಾಗಿಲು ಎಳೆದ ಅಂಗಡಿಗಳ ಕಟ್ಟೆಯ ಮೇಲೆ ರಾತ್ರಿ ಕಳೆಯುವವರ ಬಗ್ಗೆ ನಮ್ಮ ನಗರಗಳಲ್ಲಿ ಒಂದು ಮಾತು ಬಹಳ ಸಲೀಸಾಗಿ ಬಂದುಬಿಡುತ್ತದೆ: ಅವರು ಒಂದು ಕಡೆ ನಿಲ್ಲುವ ಜನ ಅಲ್ಲ, ಮನೆ ಕೊಟ್ಟರೂ ಇರುವುದಿಲ್ಲ, ತಿರುಗಾಟ ಅವರ ರಕ್ತದಲ್ಲೇ ಇದೆ. ಇದೇ ಮಾತಿಗೆ ಓದಿದವರು ಕೊಡುವ ರೂಪ ಇನ್ನೂ ಆಕರ್ಷಕ. ಮನುಷ್ಯ ಮೂಲತಃ ಅಲೆಮಾರಿ, ಗೋಡೆ ಬಾಗಿಲು ಬೀಗಗಳೆಲ್ಲ ಈಚಿನವು, ಬೀದಿಯಲ್ಲಿರುವವನಲ್ಲಿ ಆ ಹಳೆಯ ಸ್ವಾತಂತ್ರ್ಯದ ತುಣುಕೊಂದು ಉಳಿದುಕೊಂಡಿದೆ ಎನ್ನುತ್ತಾರೆ ಅವರು. ಮೊದಲನೆಯದರಲ್ಲಿ ತಾತ್ಸಾರವಿದೆ, ಎರಡನೆಯದರಲ್ಲಿ ಮೆಚ್ಚುಗೆ. ಆದರೆ ಎರಡೂ ಹೋಗಿ ಸೇರುವುದು ಒಂದೇ ತೀರ್ಮಾನಕ್ಕೆ: ಸೂರಿಲ್ಲದಿರುವುದು ಆ ಮನುಷ್ಯನ ಒಳಗಿನಿಂದಲೇ ಬಂದದ್ದು, ಹಾಗಾಗಿ ಹೊರಗಿನವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಈ ತೀರ್ಮಾನ ತಪ್ಪು ಎಂಬುದು ನನ್ನ ವಾದ. ಅಲೆಯುವ ಹಂಬಲ ಮನುಷ್ಯನಲ್ಲಿ ಇದೆ ಎಂದೇ ಇಟ್ಟುಕೊಳ್ಳೋಣ. ಅದಕ್ಕೂ ಬೀದಿಯಲ್ಲಿ ಮಲಗುವುದಕ್ಕೂ ಇರುವ ನಂಟು ತೀರ ತೆಳುವಾದದ್ದು. ಎರಡನ್ನೂ ಒಂದೇ ಎಂದು ಎಣಿಸಿದ್ದರಿಂದ ಎರಡು ಬಗೆಯ ಜನರಿಗೆ ಅನ್ಯಾಯವಾಗಿದೆ. ನಡೆಯುತ್ತಲೇ ಬದುಕು ಕಟ್ಟಿಕೊಂಡವರನ್ನು ಬೇಲಿ ಹಾಕಿ ನಿಲ್ಲಿಸಲಾಯಿತು. ಒಂದು ಕಡೆ ನಿಲ್ಲಲು ಹವಣಿಸುವವರನ್ನು ಇವತ್ತಿಗೂ ಎಬ್ಬಿಸಿ ಓಡಿಸಲಾಗುತ್ತಿದೆ.

ಹಂಬಲದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಪ್ರಭೇದದ ಮನುಷ್ಯ ಹುಟ್ಟಿ ಸುಮಾರು 3 ಲಕ್ಷ ವರ್ಷವಾಗಿದೆ. ಬೇಸಾಯ ಶುರುವಾಗಿ 12 ಸಾವಿರ ವರ್ಷವಷ್ಟೆ. ಉಳಿದ ಕಾಲವನ್ನೆಲ್ಲ ಬೇಟೆ, ಗೆಡ್ಡೆಗೆಣಸು, ನೀರಿನ ಹಿಂದೆ ಸಾಗುತ್ತ ಕಳೆದಿದ್ದೇವೆ. ಇಂಗ್ಲೆಂಡಿನ ಲೇಖಕ ಬ್ರೂಸ್ ಚಾಟ್ವಿನ್ ತನ್ನ ಬದುಕಿನ ಬಹುಭಾಗವನ್ನು ಈ ಒಂದೇ ವಿಚಾರಕ್ಕೆ ಕೊಟ್ಟವನು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಾಡಿನ ದಾರಿಗಳನ್ನು ಕುರಿತು 1987ರಲ್ಲಿ ಬಂದ ಅವನ 'ದಿ ಸಾಂಗ್‌ಲೈನ್ಸ್' ಪುಸ್ತಕದ ನಡುವೆಯೂ, ಮನುಷ್ಯನ ಸಹಜ ಸ್ಥಿತಿ ನಡಿಗೆಯೇ ಎಂಬ ವಾದ ಹರಡಿಕೊಂಡಿದೆ. ಅಳುವ ಕೂಸನ್ನು ಎತ್ತಿಕೊಂಡು ನಡೆದರೆ ಸುಮ್ಮನಾಗುವುದನ್ನೂ ಅವನು ಸಾಕ್ಷಿಯಾಗಿ ಕಂಡ. 1999ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇದಕ್ಕೊಂದು ಜೀವಶಾಸ್ತ್ರದ ಆಧಾರವನ್ನೂ ಮುಂದಿಟ್ಟರು. ಮಿದುಳಿನ ಡೋಪಮೈನ್ ಗ್ರಾಹಕಕ್ಕೆ ಸಂಬಂಧಿಸಿದ ಡಿಆರ್‌ಡಿ4 ಎಂಬ ಜೀನಿನ ಉದ್ದದ ರೂಪ, ಪೂರ್ವಜರು ಹೆಚ್ಚು ದೂರ ವಲಸೆ ಬಂದ ಜನಾಂಗಗಳಲ್ಲಿ ಹೆಚ್ಚಾಗಿ ಸಿಗುತ್ತದೆ ಎಂದು ಅವರು ತೋರಿಸಿದರು. ಪತ್ರಿಕೆಗಳು ಅದಕ್ಕೆ 'ಅಲೆಮಾರಿ ಜೀನ್' ಎಂದು ಹೆಸರಿಟ್ಟುಬಿಟ್ಟವು. ಈ ಜೀನ್ ಹೊಸತನ್ನು ಅರಸುವ ಸ್ವಭಾವ ಕೊಡುತ್ತದೆ ಎಂಬ ಮಾತನ್ನು ಆಮೇಲೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರೀಕ್ಷಿಸಿದಾಗ ಸಾಕಷ್ಟು ಬಲ ಸಿಗಲಿಲ್ಲ. ಆದರೂ ಹೆಸರು ಉಳಿದುಕೊಂಡಿತು.

ಅದೇ ಜೀನಿನ ಬಗ್ಗೆ 2008ರಲ್ಲಿ ಕೀನ್ಯಾದ ಅರಿಯಾಲ್ ಎಂಬ ಪಶುಪಾಲಕ ಜನರ ನಡುವೆ ನಡೆದ ಅಧ್ಯಯನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅರಿಯಾಲ್‌ರಲ್ಲಿ ಕೆಲವರು ಇಂದಿಗೂ ದನ, ಒಂಟೆಗಳ ಜೊತೆ ಸಂಚರಿಸುತ್ತಾರೆ, ಕೆಲವರು ಕೆಲವು ದಶಕಗಳಿಂದ ಊರು ಕಟ್ಟಿಕೊಂಡು ನೆಲೆನಿಂತಿದ್ದಾರೆ. ಸಂಚಾರಿಗಳ ನಡುವೆ ಆ ಜೀನಿನ ಉದ್ದದ ರೂಪ ಉಳ್ಳವರ ದೇಹ ಹೆಚ್ಚು ಪುಷ್ಟವಾಗಿತ್ತು. ನೆಲೆನಿಂತವರ ನಡುವೆ ಅದೇ ರೂಪ ಉಳ್ಳವರು ಸ್ವಲ್ಪ ಸೊರಗಿದ್ದರು. ಒಂದೇ ರಕ್ತ, ಒಂದೇ ಜನ, ಒಂದೇ ಜೀನ್; ಸುತ್ತಲಿನ ಬದುಕಿನ ಏರ್ಪಾಡು ಬದಲಾದಾಗ ಫಲವೂ ಬದಲಾಯಿತು. ಇದು ಪುಟ್ಟ ಅಧ್ಯಯನ, ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ಬೇಡ. ಆದರೆ ಅಲೆಯುವ ಸ್ವಭಾವವೆಂಬುದು ಇದ್ದರೂ ಅದೊಂದೇ ಯಾರನ್ನೂ ಕೆಡಿಸುವುದಿಲ್ಲ, ಯಾರನ್ನೂ ಕಾಯುವುದೂ ಇಲ್ಲ ಎಂಬುದಕ್ಕೆ ಇಷ್ಟು ಸಾಕು.

ನಡಿಗೆಯನ್ನು ಮನುಷ್ಯನ ಒಳಗಿನ ದೋಷವೆಂದು ನೋಡುವ ಚಾಳಿಗೆ ಉದ್ದದ ಚರಿತ್ರೆಯಿದೆ, ಅದು ಅಷ್ಟೇನೂ ಗೌರವದ ಚರಿತ್ರೆಯಲ್ಲ. 1851ರಲ್ಲಿ ಅಮೆರಿಕದ ಲೂಸಿಯಾನಾದ ವೈದ್ಯ ಸ್ಯಾಮುಯೆಲ್ ಕಾರ್ಟ್‌ರೈಟ್, ಗುಲಾಮರು ತೋಟಗಳಿಂದ ಓಡಿಹೋಗುವುದು ಒಂದು ಮನೋರೋಗ ಎಂದು ಬರೆದು ಅದಕ್ಕೆ 'ಡ್ರಾಪೆಟೊಮೇನಿಯಾ' ಎಂಬ ಹೆಸರನ್ನೂ ಕೊಟ್ಟ. ಚಾವಟಿಯ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಬೆನ್ನಿನ ಬಗ್ಗೆ ಕೇಳಿದಂತಾಯಿತು. ಇದಕ್ಕಿಂತ ಸೂಕ್ಷ್ಮವಾದದ್ದು ಫ್ರಾನ್ಸಿನ ಪ್ರಸಂಗ. 1886ರಲ್ಲಿ ಬೋರ್ಡೋ ನಗರದ ಆಸ್ಪತ್ರೆಗೆ ಆಲ್ಬರ್ಟ್ ದಾದಾ ಎಂಬ ಗ್ಯಾಸ್ ಕೊಳವೆ ಜೋಡಿಸುವ ಕೆಲಸಗಾರ ದಾಖಲಾದ. ಇದ್ದಕ್ಕಿದ್ದಂತೆ ಎಲ್ಲವನ್ನೂ ಬಿಟ್ಟು ನಡೆದುಬಿಡುತ್ತಿದ್ದ, ದಿನಕ್ಕೆ 70 ಕಿಲೋಮೀಟರ್‌ವರೆಗೂ. ಮಾಸ್ಕೋ, ಕಾನ್‌ಸ್ಟಾಂಟಿನೋಪಲ್‌ಗಳವರೆಗೆ ಹೋಗಿಬಂದಿದ್ದ. ಹೇಗೆ ಹೋದೆನೆಂಬ ನೆನಪೇ ಇರುತ್ತಿರಲಿಲ್ಲ. ಫಿಲಿಪ್ ಟಿಸ್ಸಿಯೆ ಎಂಬ ಯುವ ವೈದ್ಯ ಮರುವರ್ಷ ಅವನ ಬಗ್ಗೆ ಪ್ರಬಂಧ ಬರೆದ. ಅದಾದ ಮೇಲೆ ಅಂಥ ರೋಗಿಗಳು ಫ್ರಾನ್ಸ್, ಇಟಲಿ, ಜರ್ಮನಿಗಳಲ್ಲಿ ಸಾಲುಸಾಲಾಗಿ ಕಾಣಿಸಿಕೊಂಡರು, ಸುಮಾರು ಇಪ್ಪತ್ತು ವರ್ಷಗಳ ನಂತರ ಆ ರೋಗವೇ ವೈದ್ಯರ ಪುಸ್ತಕಗಳಿಂದ ಕರಗಿಹೋಯಿತು.

ಕೆನಡಾದ ತತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ ಈ ವಿಚಿತ್ರ ಏರಿಳಿತವನ್ನು 1998ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಬಗೆ ನಮಗಿಲ್ಲಿ ನೇರವಾಗಿ ಬೇಕಾದದ್ದು. ಆ ಕಾಲದ ಫ್ರಾನ್ಸಿನಲ್ಲಿ ನಡಿಗೆಗೆ ಎರಡು ಮುಖಗಳಿದ್ದವು. ಹಣವುಳ್ಳವರಿಗೆ ಪ್ರವಾಸ ಹೊಸ ಸೊಗಸಾಗಿತ್ತು, ಪ್ರವಾಸ ಕಂಪನಿಗಳು ಬೆಳೆಯುತ್ತಿದ್ದವು. ಹಣವಿಲ್ಲದವನ ತಿರುಗಾಟ ಅಪರಾಧವಾಗಿತ್ತು. 1885ರ ಕಾನೂನಿನ ಪ್ರಕಾರ ಮತ್ತೆ ಮತ್ತೆ ಸಿಕ್ಕಿಬಿದ್ದವರನ್ನು ದೂರದ ವಸಾಹತುಗಳಿಗೆ ಸಾಗಿಸಿಬಿಡಬಹುದಿತ್ತು. ದಾದಾನಂಥ ಕೂಲಿಗಾರ ಈ ಎರಡರ ನಡುವೆ ಬಿದ್ದವನು. ರೋಗಿ ಎನ್ನಿಸಿಕೊಳ್ಳುವುದು ಅವನಿಗಿದ್ದ ಮೂರನೆಯ ದಾರಿ. ಗಂಡಸರೆಲ್ಲ ಸೈನ್ಯಸೇವೆಯ ಕಾಗದಪತ್ರ ತೋರಿಸಬೇಕಿದ್ದ ಯುರೋಪಿನ ದೇಶಗಳಲ್ಲಿ ಈ ರೋಗ ಹಬ್ಬಿತು, ಅಂಥ ತಪಾಸಣೆಯಿಲ್ಲದ ಬ್ರಿಟನ್, ಅಮೆರಿಕಗಳಲ್ಲಿ ಹಬ್ಬಲಿಲ್ಲ. ಕಾಲು ಎಲ್ಲ ಕಡೆಯೂ ಒಂದೇ ರೀತಿ ನಡೆಯುತ್ತದೆ. ಯಾರ ಬಳಿ ಹಣವಿದೆ, ಯಾರು ಕಾಗದ ಕೇಳುತ್ತಾರೆ ಎಂಬುದರ ಮೇಲೆ ಅದೇ ನಡಿಗೆ ವಿಹಾರವಾಗುತ್ತದೆ, ರೋಗವಾಗುತ್ತದೆ, ಅಪರಾಧವಾಗುತ್ತದೆ.

ಹಾಗಾದರೆ ನಿಜವಾಗಿ ಅಲೆಯುವವರು ಹೇಗೆ ಅಲೆಯುತ್ತಾರೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬೆಳಗಾವಿ, ಬಾಗಲಕೋಟೆ ಸೀಮೆಯ ಕುರುಬರು ಕುರಿಹಿಂಡಿನ ಜೊತೆ ವರ್ಷದ ಹಲವು ತಿಂಗಳು ಊರಾಚೆ ಇರುತ್ತಾರೆ. ಮಳೆ ಎಲ್ಲಿ ಬಿತ್ತು, ಯಾವ ಹೊಲದ ಕಟಾವು ಮುಗಿಯಿತು, ಯಾವ ಹಳ್ಳದಲ್ಲಿ ನೀರು ಉಳಿದಿದೆ ಎಂಬ ಲೆಕ್ಕದ ಮೇಲೆ ಅವರ ದಾರಿ ನಿಂತಿದೆ. ಬೆಳೆ ತೆಗೆದ ಹೊಲದಲ್ಲಿ ಕುರಿಗಳನ್ನು ರಾತ್ರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಗಾಹಿಗೆ ಕಾಳು ಅಥವಾ ಹಣ. ಈ ಒಪ್ಪಂದಗಳು ಎಷ್ಟೋ ಕಡೆ ತಲೆಮಾರಿನಿಂದ ತಲೆಮಾರಿಗೆ ಬಂದವು. ಹೆಳವರನ್ನು ನೋಡಿ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದು ಮನೆಯ ಮುಂದೆ ನಿಂತು ಆ ವಂಶದ ಮೂಲಪುರುಷನಿಂದ ಹಿಡಿದು ಈಚಿನ ಕೂಸಿನವರೆಗೆ ಹೆಸರು ಹೇಳಿ, ಹೊಸ ಹೆಸರುಗಳನ್ನು ಸೇರಿಸಿಕೊಂಡು, ಕಾಳನ್ನೋ ಕರುವನ್ನೋ ಕಾಣಿಕೆಯಾಗಿ ಪಡೆದು ಹೋಗುವವರು. ಕೆಲವು ವರ್ಷ ಬಿಟ್ಟು ಅದೇ ಮನೆಗೆ ಮತ್ತೆ ಬರುತ್ತಾರೆ. ಯಾವ ಊರು ಯಾವ ಹೆಳವರ ಪಾಲಿನದು ಎಂಬುದು ಅವರವರಲ್ಲೇ ಹಂಚಿಕೆಯಾಗಿರುತ್ತದೆ. ನೆಲೆ ನಿಂತ ಒಕ್ಕಲು ಮನೆತನಗಳ ನೆನಪನ್ನು ಕಾಯುವ ಕೆಲಸ ತಿರುಗುವವರ ಕೈಯಲ್ಲಿತ್ತು ಎಂಬುದನ್ನು ಸ್ವಲ್ಪ ಹೊತ್ತು ಯೋಚಿಸಬೇಕು. ಎಲ್ಲ ಬಂಧ ಕಳಚಿ ಹೊರಟ ಜೈನ, ಬೌದ್ಧ ಸಂನ್ಯಾಸಿಗಳಿಗೂ ಮಳೆಗಾಲದಲ್ಲಿ ಒಂದೆಡೆ ನಿಲ್ಲುವ ಕಟ್ಟಳೆಯಿದೆ, ನಿಂತಷ್ಟು ಕಾಲ ಅವರನ್ನು ನೋಡಿಕೊಳ್ಳುವ ಗೃಹಸ್ಥರಿದ್ದಾರೆ. ಅಲೆಮಾರಿಗೆ ಗೊತ್ತಾದ ದಾರಿಯಿದೆ, ಕಾಯುವ ಮನೆಗಳಿವೆ, ಮರಳುವ ಕಾಲವಿದೆ, ಬಿಡಾರವೆಂಬ ಸೂರೂ ಇದೆ. ಅವನ ಮನೆ ಉದ್ದಕ್ಕೆ ಹರಡಿಕೊಂಡಿದೆ, ಅಷ್ಟೆ.

ಬೀದಿಯಲ್ಲಿ ಮಲಗುವವರ ಸ್ಥಿತಿ ಇದಕ್ಕೆ ಪೂರ್ತಿ ತಿರುವುಮುರುವು. ಅವರು ಅಲೆಯುವುದಿಲ್ಲ ಎಂಬುದೇ ಮೊದಲು ಗಮನಿಸಬೇಕಾದ ಸಂಗತಿ. ಬೆಚ್ಚಗಿನ ಹವೆ ಮತ್ತು ಸರ್ಕಾರಿ ಸವಲತ್ತು ಅರಸಿ ದೇಶದ ಎಲ್ಲೆಡೆಯಿಂದ ಸೂರಿಲ್ಲದವರು ಕ್ಯಾಲಿಫೋರ್ನಿಯಾಕ್ಕೆ ಬರುತ್ತಾರೆ ಎಂಬ ನಂಬಿಕೆ ಅಮೆರಿಕದಲ್ಲಿ ಗಟ್ಟಿಯಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಅಂಥ ಸುಮಾರು 3,200 ಜನರನ್ನು ಮಾತಾಡಿಸಿ 2023ರಲ್ಲಿ ವರದಿ ಕೊಟ್ಟಾಗ ಕಂಡದ್ದು ಬೇರೆ: ಅವರಲ್ಲಿ ಹತ್ತಕ್ಕೆ ಒಂಬತ್ತು ಜನ ಮನೆ ಕಳೆದುಕೊಂಡದ್ದು ಅದೇ ರಾಜ್ಯದಲ್ಲಿ, ನಾಲ್ಕಕ್ಕೆ ಮೂರು ಜನ ಇದ್ದದ್ದು ತಾವು ಕೊನೆಯದಾಗಿ ಮನೆ ಹೊಂದಿದ್ದ ಅದೇ ಕೌಂಟಿಯಲ್ಲಿ. ಬಾಡಿಗೆ ಕಟ್ಟಲಾಗದೆ ಹೊರಬಿದ್ದವರು ಗೊತ್ತಿರುವ ಬೀದಿ, ಗೊತ್ತಿರುವ ಮುಖಗಳ ಸಮೀಪವೇ ಉಳಿದಿದ್ದರು. ನಮ್ಮಲ್ಲಿ ಇದೇ ಸತ್ಯ ಇನ್ನೂ ಮೊದಲೇ ನ್ಯಾಯಾಲಯದ ದಾಖಲೆ ಸೇರಿದೆ. 1981ರ ಜುಲೈನಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ಮುಂಬಯಿಯ ಫುಟ್‌ಪಾತ್ ವಾಸಿಗಳನ್ನೆಲ್ಲ ತೆರವು ಮಾಡಿ ಅವರವರ ಮೂಲ ಊರಿಗೆ ಸಾಗಿಸುವುದಾಗಿ ಘೋಷಿಸಿದರು. ಗುಡಿಸಲು ಕಿತ್ತು ಜನರನ್ನು ಬಸ್ಸಿಗೆ ಹತ್ತಿಸಲಾಯಿತು. ಇದರ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಒಬ್ಬ ತಮಿಳುನಾಡಿನ ಸೇಲಂ ಕಡೆಯ ಭೂಮಿಯಿಲ್ಲದ ಕೂಲಿ. ಬರದಿಂದಾಗಿ 1961ರಲ್ಲಿ ಮುಂಬಯಿಗೆ ಬಂದಿದ್ದ. ಬಸ್ಸಿನಲ್ಲಿ ಊರಿಗೆ ಕಳಿಸಿದ ಮೇಲೂ ಕೆಲಸ ಹುಡುಕಿಕೊಂಡು ಮತ್ತೆ ಅದೇ ನಗರಕ್ಕೆ ಮರಳಿದ.

ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಹೆಸರಿನಲ್ಲಿ ಪ್ರಸಿದ್ಧವಾದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1985ರಲ್ಲಿ ತೀರ್ಪು ಕೊಟ್ಟಿತು. ಫುಟ್‌ಪಾತ್ ಮೇಲೆ ಇರುವವರು ಆ ಜಾಗ ಆರಿಸಿಕೊಳ್ಳುವುದು ಕೆಲಸ ಅಲ್ಲೇ ಹತ್ತಿರದಲ್ಲಿ ಸಿಗುತ್ತದೆ ಎಂಬ ಕಾರಣಕ್ಕೆ, ಆ ಜಾಗ ಹೋದರೆ ಅನ್ನವೂ ಹೋಗುತ್ತದೆ ಎಂಬುದನ್ನು ಪೀಠ ಒಪ್ಪಿತು. ಜೀವನೋಪಾಯವೂ ಬದುಕುವ ಹಕ್ಕಿನ ಭಾಗವೆಂದಿತು. ಆದರೆ ನೋಟಿಸು ಕೊಟ್ಟು ತೆರವು ಮಾಡುವುದನ್ನು ತಡೆಯಲಿಲ್ಲ. ತೀರ್ಪಿನ ಮೊದಲರ್ಧ ಕಾನೂನು ಪುಸ್ತಕಗಳಲ್ಲಿ ಮೆರೆಯಿತು, ಎರಡನೆಯರ್ಧ ಬೀದಿಯಲ್ಲಿ ಜಾರಿಯಾಯಿತು.

ಸ್ವಭಾವವೇ ಕಾರಣವಾಗಿದ್ದರೆ ಸಂಖ್ಯೆಗಳು ಹೀಗೆ ಇರುತ್ತಿರಲಿಲ್ಲ. 2001ರ ಜನಗಣತಿಯಲ್ಲಿ ದೇಶದ ವಸತಿಹೀನರು ಸುಮಾರು 19.4 ಲಕ್ಷ, 2011ರಲ್ಲಿ 17.7 ಲಕ್ಷ. ಒಟ್ಟು ಇಳಿದಂತೆ ಕಾಣುತ್ತದೆ. ಬಿಡಿಸಿ ನೋಡಿದರೆ ಹಳ್ಳಿಗಳಲ್ಲಿ 11.6 ಲಕ್ಷದಿಂದ 8.3 ಲಕ್ಷಕ್ಕೆ ಇಳಿದಿದೆ, ನಗರಗಳಲ್ಲಿ 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿದೆ. ಹತ್ತು ವರ್ಷದಲ್ಲಿ ಹಳ್ಳಿಗರ ರಕ್ತ ಶಾಂತವಾಗಿ ನಗರದವರ ರಕ್ತ ಚಂಚಲವಾಯಿತು ಎನ್ನಲು ಬರುವುದಿಲ್ಲ. ನೆಲದ ಬೆಲೆ ಏರಿದ ಕಡೆ ಸೂರು ತಪ್ಪಿದೆ. ಅದೇ 2011ರಲ್ಲಿ ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆ, ಕಟ್ಟಡಗಳ ಸಂಖ್ಯೆ 1.1 ಕೋಟಿ ದಾಟಿತ್ತು; 2001ರಲ್ಲಿ ಅದು 65 ಲಕ್ಷವಿತ್ತು. ಅವೆಲ್ಲ ವಾಸಕ್ಕೆ ಯೋಗ್ಯವೆಂದಾಗಲಿ, ಎಲ್ಲವನ್ನೂ ಹಂಚಿಬಿಡಬಹುದೆಂದಾಗಲಿ ನಾನು ಹೇಳುತ್ತಿಲ್ಲ. ಆದರೂ ಒಬ್ಬ ವಸತಿಹೀನನಿಗೆ ಹತ್ತಕ್ಕೂ ಹೆಚ್ಚು ಖಾಲಿ ಕಟ್ಟಡಗಳಿರುವ ನಗರಗಳಲ್ಲಿ ನಿಂತುಕೊಂಡು ಮನುಷ್ಯನ ಅಲೆಯುವ ಹಂಬಲದ ಬಗ್ಗೆ ಮಾತಾಡುವುದು ನನಗೆ ಸಾಧ್ಯವಾಗುತ್ತಿಲ್ಲ. ಅಮೆರಿಕದ ನಗರಗಳನ್ನು ಹೋಲಿಸಿ ಗ್ರೆಗ್ ಕೋಲ್ಬರ್ನ್ ಮತ್ತು ಕ್ಲೇಟನ್ ಪೇಜ್ ಆಲ್ಡರ್ನ್ 2022ರಲ್ಲಿ ಬರೆದ ಪುಸ್ತಕವೂ ಇಲ್ಲಿಗೇ ಬರುತ್ತದೆ. ಬಡತನ ಹೆಚ್ಚಿರುವ ಡೆಟ್ರಾಯಿಟ್‌ಗಿಂತ ಬಾಡಿಗೆ ಹೆಚ್ಚಿರುವ ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೋಗಳಲ್ಲೇ ಸೂರಿಲ್ಲದವರ ಪ್ರಮಾಣ ಹೆಚ್ಚು. ಮಾದಕ ವಸ್ತುಗಳಿಂದ ಅತಿ ಹೆಚ್ಚು ಸಾವು ಕಂಡ ರಾಜ್ಯಗಳಲ್ಲೊಂದಾದ ವೆಸ್ಟ್ ವರ್ಜೀನಿಯಾದಲ್ಲಿ ಆ ಪ್ರಮಾಣ ಕಡಿಮೆ. ಕುಡಿತ, ಚಟ, ಜಗಳ ಯಾರು ಮೊದಲು ಹೊರಬೀಳುತ್ತಾರೆ ಎಂಬುದನ್ನು ನಿರ್ಧರಿಸಬಹುದು. ಎಷ್ಟು ಜನ ಹೊರಬೀಳುತ್ತಾರೆ ಎಂಬುದನ್ನು ನಿರ್ಧರಿಸುವುದು ಬಾಡಿಗೆ.

ಇನ್ನು ಬೇಲಿಯ ಕಥೆ. ಬಂಜಾರರು, ಕೊರಚರು, ಎರುಕಲರು ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ವ್ಯಾಪಾರ ಮಾಡುತ್ತಿದ್ದರು. ರಸ್ತೆಯಿಲ್ಲದ ಊರಿಗೆ ಉಪ್ಪು ಮುಟ್ಟುತ್ತಿದ್ದದ್ದು ಅವರಿಂದ. ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಕಾಡಿನ ಕಾನೂನುಗಳು ಎತ್ತುಗಳ ಮೇವಿಗೆ ಅಡ್ಡ ಬಂದವು. ವ್ಯಾಪಾರ ಕಳೆದುಕೊಂಡು, ಕೆಲಸವಿಲ್ಲದೆ ತಿರುಗಬೇಕಾಗಿ ಬಂದವರನ್ನು ಹುಟ್ಟು ಕಳ್ಳರೆಂದು ಹೆಸರಿಸಲು ಕಾನೂನು ಅಷ್ಟರಲ್ಲಿ ಸಿದ್ಧವಾಗಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮೊದಲು ಉತ್ತರ ಭಾರತಕ್ಕಷ್ಟೇ ಇದ್ದದ್ದು 1911ರಲ್ಲಿ ಮದ್ರಾಸ್ ಪ್ರಾಂತ್ಯವನ್ನೂ ಒಳಗೊಂಡಿತು. ಮೀನಾ ರಾಧಾಕೃಷ್ಣ 2001ರಲ್ಲಿ ಪ್ರಕಟಿಸಿದ ಅಧ್ಯಯನ, ಎರುಕಲರ ಮಟ್ಟಿಗೆ ಈ ಸರಪಳಿಯ ಒಂದೊಂದು ಕೊಂಡಿಯನ್ನೂ ದಾಖಲೆಗಳಿಂದ ಬಿಡಿಸಿ ತೋರಿಸುತ್ತದೆ. ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳಲ್ಲಿ ಸರ್ಕಾರ ಸೆಟ್ಲ್‌ಮೆಂಟುಗಳನ್ನು ಕಟ್ಟಿತು. ತಂತಿಬೇಲಿ, ಹಾಜರಿ, ಹೊರಗೆ ಹೋಗಲು ಪಾಸು. ಹಗಲು ಗಿರಣಿಗಳಲ್ಲಿ ದುಡಿತ. ಹುಬ್ಬಳ್ಳಿ, ಗದಗಗಳಲ್ಲಿ ಆ ಜಾಗಗಳಿಗೆ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೆಸರು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಅದರ ಜಾಗಕ್ಕೆ ಬಂದವು, ಕರ್ನಾಟಕದ್ದು 1961ರದು. ಬಾಲಕೃಷ್ಣ ರೇಣಕೆ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ 2008ರಲ್ಲಿ ವರದಿ ಕೊಟ್ಟಾಗಲೂ ಈ ಸಮುದಾಯಗಳ ಬಹುಪಾಲು ಜನರ ಹೆಸರಿನಲ್ಲಿ ಒಂದು ತುಂಡು ನೆಲವೂ ಇರಲಿಲ್ಲ. ನಡೆಯುತ್ತಿದ್ದಾಗ ಇವರಿಗೆ ದಾರಿಯಿತ್ತು, ಕಸುಬಿತ್ತು, ಬಿಡಾರವಿತ್ತು. ಇವರನ್ನು ನಿರ್ಗತಿಕರನ್ನಾಗಿ ಮಾಡಿದ್ದು ಅಲೆದಾಟವಲ್ಲ, ಅಲೆದಾಟಕ್ಕೆ ಬಿದ್ದ ತಡೆ.

ನಿಂತವರನ್ನು ಓಡಿಸುವ ಕಾನೂನೂ ಇದರ ಜೊತೆಯಲ್ಲೇ ಬೆಳೆದಿದೆ. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆಯಲ್ಲಿ ಭಿಕ್ಷುಕನೆಂದರೆ ಕೈಯೊಡ್ಡುವವನಷ್ಟೇ ಅಲ್ಲ. ಕಣ್ಣಿಗೆ ಕಾಣುವ ಜೀವನಾಧಾರವಿಲ್ಲದೆ ಸಾರ್ವಜನಿಕ ಜಾಗದಲ್ಲಿ ತಿರುಗುವವನೂ, ಸುಮ್ಮನೆ ಇರುವವನೂ ಭಿಕ್ಷುಕನೇ. ತಿರುಗಿದರೂ ತಪ್ಪು, ನಿಂತರೂ ತಪ್ಪು. ದೆಹಲಿಗೆ ಅನ್ವಯವಾಗುತ್ತಿದ್ದ ಆ ಕಾಯ್ದೆಯ ದಂಡನೆಯ ಕಲಮುಗಳನ್ನು ದೆಹಲಿ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ತೆಗೆದುಹಾಕಿತು. ನಮ್ಮ ರಾಜ್ಯದ ಕಾಯ್ದೆ 1975ರದು. ಅದರ ಅಡಿಯಲ್ಲಿ ಹಿಡಿದವರನ್ನು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಒಯ್ಯಲಾಗುತ್ತದೆ. ಆಸ್ತಿ ತೆರಿಗೆಯ ಜೊತೆ ಅದಕ್ಕೆಂದೇ ಉಪಕರವನ್ನೂ ವಸೂಲು ಮಾಡಲಾಗುತ್ತದೆ. ಹಣ ಇದೆ, ಕಟ್ಟಡ ಇದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹಲವರು ಸತ್ತಾಗ, ಹಿಡಿದು ತರುವುದು ಆಶ್ರಯ ಕೊಟ್ಟಂತೆ ಅಲ್ಲ ಎಂಬುದು ಇಡೀ ರಾಜ್ಯಕ್ಕೆ ತಿಳಿಯಿತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಗಟ್ಟಿಯಾಗಿ ನಿಲ್ಲುತ್ತದೆ. ರಾತ್ರಿ ಆಶ್ರಯತಾಣಕ್ಕೆ ಕರೆದರೂ ಎಷ್ಟೋ ಜನ ಬರುವುದಿಲ್ಲ, ಬಂದರೂ ಉಳಿಯುವುದಿಲ್ಲ. ಇದು ನಿಜ, ಈ ಕೆಲಸ ಮಾಡುವವರು ಯಾರೂ ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರು ನಿರಾಕರಿಸುತ್ತಿರುವುದು ಏನನ್ನು? ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯತಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಕೇಂದ್ರದ ಯೋಜನೆಯೂ ಅದೇ ಲೆಕ್ಕ ಇಟ್ಟುಕೊಂಡಿತು, ತಲೆಗೆ 50 ಚದರ ಅಡಿ ಜಾಗವೆಂದಿತು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಮಲಗಬೇಕಾದ ತಾಣಕ್ಕೆ ಸಂಸಾರಸ್ಥರು ಹೋಗುವುದು ಹೇಗೆ? ತಳ್ಳುಗಾಡಿಯನ್ನೋ ಹಮಾಲಿಯ ಹಗ್ಗವನ್ನೋ ಇಡಲು ಜಾಗವಿಲ್ಲದಿದ್ದರೆ ಮರುದಿನದ ದುಡಿಮೆ ಏನಾಗಬೇಕು? ನಸುಕಿನ ಮೂರು ಗಂಟೆಗೆ ಮಾರುಕಟ್ಟೆಯಲ್ಲಿ ಲಾರಿ ಇಳಿಸಬೇಕಾದವನಿಗೆ ನಾಲ್ಕು ಮೈಲಿ ಆಚೆಯ ಹಾಸಿಗೆಗಿಂತ ಮಾರುಕಟ್ಟೆಯ ಕಟ್ಟೆಯೇ ಹತ್ತಿರ. ಇದು ಬೀದಿಯ ಮೋಹವಲ್ಲ, ದುಡಿಯುವವರ ಲೆಕ್ಕಾಚಾರ.

ಆಕ್ಷೇಪವನ್ನು ಇನ್ನೂ ನೇರವಾಗಿ ಪರೀಕ್ಷಿಸಿದ ಪ್ರಯೋಗವೊಂದಿದೆ. ಕೆನಡಾದ ಐದು ನಗರಗಳಲ್ಲಿ 2009ರಿಂದ 2013ರವರೆಗೆ, ಸೂರಿಲ್ಲದ ಮತ್ತು ಮಾನಸಿಕ ಕಾಯಿಲೆಯೂ ಇದ್ದ 2,000ಕ್ಕೂ ಹೆಚ್ಚು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಯಾವ ಷರತ್ತೂ ಇಲ್ಲದೆ, ಚಟ ಬಿಡಬೇಕೆಂದಾಗಲಿ ಮದ್ದು ತೆಗೆದುಕೊಳ್ಳಬೇಕೆಂದಾಗಲಿ ಕೇಳದೆ, ಮೊದಲು ಮನೆ ಕೊಟ್ಟರು. ಜೊತೆಗೆ ಬೇಕಾದ ನೆರವನ್ನೂ ಕೊಟ್ಟರು. ಇನ್ನೊಂದು ಗುಂಪಿಗೆ ಮಾಮೂಲಿ ಸೇವೆಗಳು ಮಾತ್ರ. ಅಧ್ಯಯನದ ಕೊನೆಯ ಆರು ತಿಂಗಳಲ್ಲಿ ಪೂರ್ತಿ ಕಾಲ ಮನೆಯಲ್ಲೇ ಇದ್ದವರು ಮೊದಲ ಗುಂಪಿನಲ್ಲಿ ಶೇ 62, ಎರಡನೆಯದರಲ್ಲಿ ಶೇ 31. ಮನೆ ಕೊಟ್ಟರೂ ನಿಲ್ಲುವುದಿಲ್ಲ ಎಂದು ಯಾರ ಬಗ್ಗೆ ಎಲ್ಲರಿಗಿಂತ ಖಚಿತವಾಗಿ ಹೇಳಲಾಗುತ್ತಿತ್ತೋ ಅವರ ಬಗ್ಗೆ ಬಂದ ಉತ್ತರ ಇದು. ನಿಲ್ಲದವರೂ ಇದ್ದರು, ಅವರನ್ನು ಮರೆಮಾಚಬೇಕಿಲ್ಲ. ಕೆಲವರಿಗೆ ಬೇರೆ ಬಗೆಯ, ಇನ್ನೂ ಹತ್ತಿರದ ಆರೈಕೆ ಬೇಕು. ಫಿನ್ಲೆಂಡ್ 2008ರಿಂದ ಇದನ್ನೇ ರಾಷ್ಟ್ರೀಯ ನೀತಿ ಮಾಡಿಕೊಂಡಿತು, ಹಳೆಯ ಆಶ್ರಯತಾಣಗಳನ್ನೇ ಬಾಡಿಗೆ ಮನೆಗಳಾಗಿ ಬದಲಿಸಿತು. 1980ರ ದಶಕದ ಕೊನೆಯಲ್ಲಿ 18 ಸಾವಿರದ ಆಸುಪಾಸಿನಲ್ಲಿದ್ದ ಸಂಖ್ಯೆ 2023ರ ಹೊತ್ತಿಗೆ 4 ಸಾವಿರಕ್ಕಿಂತ ಕೆಳಗಿಳಿದಿತ್ತು. 2024ರಲ್ಲಿ ಅಲ್ಲಿ ಮತ್ತೆ ಏರಿಕೆ ಕಂಡಿತು.

ಇನ್ನೊಂದು ಪ್ರಶ್ನೆ ಎದುರು ದಿಕ್ಕಿನಿಂದ ಬರುತ್ತದೆ. ಮನೆ ಇಷ್ಟು ಮುಖ್ಯವಾದರೆ ಉಳಿದ ಅಲೆಮಾರಿಗಳನ್ನೂ ಒಂದೆಡೆ ಕೂರಿಸಿಬಿಡುವುದೇ ಸರಿಯಲ್ಲವೇ, ಮಕ್ಕಳ ಶಾಲೆಯಾದರೂ ಸುಸೂತ್ರವಾಗುತ್ತದಲ್ಲ? ಮಕ್ಕಳ ಶಾಲೆಯ ಮಾತು ಬಹಳ ಭಾರದ್ದು. ಅನೇಕ ಅಲೆಮಾರಿ ಕುಟುಂಬಗಳು ತಾವಾಗಿಯೇ ನೆಲೆ ಕೇಳುತ್ತಿವೆ, ಕೇಳಿದವರಿಗೆ ಕೂಡಲೇ ಸಿಗಬೇಕು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ತಲೆಮಾರುಗಳಿಂದ ಇದ್ದ ನೆಲದಲ್ಲೇ ಯಾರೂ ಎಬ್ಬಿಸದಂತೆ ಇರುವುದಕ್ಕೆ ಅಷ್ಟು ವರ್ಷ ಬೇಕಾಯಿತು. ಆದರೆ ಹಕ್ಕುಪತ್ರ ಕೊಡುವುದು ಬೇರೆ, ಕಟ್ಟಿಹಾಕುವುದು ಬೇರೆ. ಕುರಿಗಾಹಿಗೆ ಊರಲ್ಲೊಂದು ಮನೆಯೂ ಬೇಕು, ಹಿಂಡು ಸಾಗುವ ದಾರಿಯೂ ಗೋಮಾಳವೂ ಉಳಿಯಬೇಕು. ಹುಬ್ಬಳ್ಳಿಯ ಸೆಟ್ಲ್‌ಮೆಂಟಿನಲ್ಲೂ ಸೂರಿತ್ತು. ಬಾಗಿಲಿನ ಚಿಲಕ ಒಳಗಿನವರ ಕೈಯಲ್ಲಿ ಇರಲಿಲ್ಲ.

ಅಲೆಮಾರಿಗಳಿಗೂ ಬೀದಿಯಲ್ಲಿ ಮಲಗುವವರಿಗೂ ನಡುವೆ ನಿಂತವರು ಗುಳೆ ಹೋಗುವವರು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಹಳ್ಳಿಗಳಿಂದ ಬೆಂಗಳೂರಿಗೆ ಬಂದು, ಕಟ್ಟುವ ಕಟ್ಟಡದ ಪಕ್ಕದ ತಗಡಿನ ಇಲ್ಲವೇ ನೀಲಿ ತಾಡಪಾಲಿನ ಶೆಡ್ಡಿನಲ್ಲಿದ್ದು, ಕಟ್ಟಡ ಮುಗಿದಾಗ ಇನ್ನೊಂದರ ಪಕ್ಕಕ್ಕೆ ಸರಿಯುವವರು. ಊರಲ್ಲಿ ಮನೆ ಇದೆ, ಕೂಲಿಯಿಲ್ಲ. ಇಲ್ಲಿ ಕೂಲಿ ಇದೆ, ಮನೆಯಿಲ್ಲ. ಇವರ ಓಡಾಟವನ್ನು ಹೊರಗಿನಿಂದ ನೋಡಿದವರಿಗೆ ಚಂಚಲತೆ ಕಾಣಬಹುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ದೇಶದ ಹೆದ್ದಾರಿಗಳ ಮೇಲೆ ಹೊರಟ ಸಾಲುಗಳಿಗೆ ಒಂದೇ ದಿಕ್ಕಿತ್ತು. ಮಾರ್ಚ್‌ನಿಂದ ಜೂನ್‌ವರೆಗೆ, ನಡೆದು ಹೋದವರೂ ಸೇರಿ, 1 ಕೋಟಿಗೂ ಹೆಚ್ಚು ಕಾರ್ಮಿಕರು ತಮ್ಮ ರಾಜ್ಯಗಳಿಗೆ ಮರಳಿದರೆಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಚಪ್ಪಲಿ ಸವೆದು ಕಾಲು ಬೊಬ್ಬೆಯೆದ್ದರೂ ನಡೆದದ್ದು ಮನೆಗೆ.

ಅಲೆಯುವವರಿಗೂ ನೆಲೆಯಿಲ್ಲದವರಿಗೂ ಒಂದು ಕೊರತೆ ಮಾತ್ರ ಸಮಾನವಾಗಿದೆ. ಸರ್ಕಾರದ ಕಣ್ಣಿಗೆ ಬೀಳಲು ವಿಳಾಸ ಬೇಕು, ಇವರಿಬ್ಬರಿಗೂ ಅದಿಲ್ಲ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಇಲ್ಲಿಂದ. ಪಡಿತರವನ್ನು ದೇಶದ ಯಾವ ಅಂಗಡಿಯಲ್ಲಾದರೂ ಪಡೆಯುವ ವ್ಯವಸ್ಥೆ 2019ರಲ್ಲಿ ಶುರುವಾಗಿ ಈಗ ಎಲ್ಲ ರಾಜ್ಯಗಳಿಗೂ ಬಂದಿದೆ. ಆದರೆ ಚೀಟಿಯೇ ಇಲ್ಲದವನಿಗೆ ಅದರಿಂದ ಉಪಯೋಗವಿಲ್ಲ. ಮತದಾರರ ಪಟ್ಟಿಯ ನಿಯಮದಲ್ಲಿ ಒಂದು ಒಳ್ಳೆಯ ಮಾದರಿಯಿದೆ. ವಸತಿಹೀನನಿಂದ ವಿಳಾಸದ ದಾಖಲೆ ಕೇಳುವಂತಿಲ್ಲ. ಅವನು ಅರ್ಜಿಯಲ್ಲಿ ಬರೆದ ಜಾಗಕ್ಕೆ ಮತಗಟ್ಟೆ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಹೋಗಿ, ಅವನು ಅಲ್ಲೇ ಮಲಗುತ್ತಾನೆಂದು ಕಂಡರೆ ಸಾಕು, ಹೆಸರು ಸೇರುತ್ತದೆ. ಅಧಿಕಾರಿ ಬರುವ ರಾತ್ರಿಯೇ ಪೊಲೀಸರು ಅವನನ್ನು ಅಲ್ಲಿಂದ ಎಬ್ಬಿಸಿ ಕಳಿಸಿದ್ದರೆ ಹೆಸರು ಸೇರುವುದಿಲ್ಲ. 2011ರಲ್ಲಿ ವಸತಿಹೀನರ ಎಣಿಕೆ ನಡೆದದ್ದು ಫೆಬ್ರವರಿ 28ರ ಒಂದೇ ರಾತ್ರಿ. ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಗೆ ನಿಗದಿಯಾಗಿದೆ. ಆ ರಾತ್ರಿ ಎಷ್ಟು ಜನ ಎಂದು ಬರೆದುಕೊಂಡರೆ ಸಾಲದು. ಈ ಊರಿಗೆ ಬಂದು ಎಷ್ಟು ವರ್ಷವಾಯಿತು, ಏನು ಕೆಲಸ ಮಾಡುತ್ತೀರಿ, ಕೊನೆಯದಾಗಿ ಬಾಡಿಗೆ ಕಟ್ಟಿದ ಮನೆ ಎಲ್ಲಿತ್ತು, ಯಾಕೆ ಬಿಟ್ಟಿರಿ ಎಂದೂ ಕೇಳಬೇಕು. ಎಣಿಕೆ ಮುಗಿಯುವವರೆಗೆ ಯಾರನ್ನೂ ಮಲಗಿದ ಜಾಗದಿಂದ ಎಬ್ಬಿಸಬಾರದೆಂಬ ಆದೇಶ ಪ್ರತಿಯೊಂದು ಪೊಲೀಸ್ ಠಾಣೆಗೂ ಪಾಲಿಕೆಗೂ ಅದಕ್ಕೆ ಮೊದಲೇ ಹೋಗಬೇಕು.